ಹದ್ದಿನ ಹೊಟ್ಟೆಯಲ್ಲಿ ಏನಿದೆ ನೋಡಿ: ಯಲಹಂಕ, ದೇವನಹಳ್ಳಿ ಸುತ್ತಲಿನ ಸ್ಥಳೀಯ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಯಲಹಂಕ ವಾಯುನೆಲೆ ಮತ್ತು ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಸುತ್ತಲಿನ ನಗರ ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಗಳ ಆಡಳಿತಗಾರರಿಗೆ ಹಾಗೂ ವಿಮಾನ ನಿಲ್ದಾಣ ಪರಿಸರ ನಿರ್ವಹಣಾ ಸಮಿತಿಯ ಸದಸ್ಯರಿಗೆ,

ಮಾನ್ಯರೇ,

ಯಲಹಂಕದ ವೈಮಾನಿಕ ಪ್ರದರ್ಶನ ಏರೋ ಇಂಡಿಯಾ ಹತ್ತಿರ ಬಂತೆಂದರೆ ನಿಮ್ಮ ಕಚೇರಿಗಳಿಂದ ಒಂದು ಆದೇಶ ಹೊರಡುತ್ತದೆ. 2023ರಲ್ಲಿ ಜನವರಿ 30ರಿಂದ ಫೆಬ್ರುವರಿ 20ರವರೆಗೆ ಯಲಹಂಕ ವಾಯುನೆಲೆಯ 10 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸದಂಗಡಿಗಳು ಬಂದ್ ಆದವು. 2025ರಲ್ಲಿ ವ್ಯಾಪ್ತಿ 13 ಕಿ.ಮೀ.ಗೆ ಏರಿತು, ಅವಧಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಹಿಗ್ಗಿತು. ಅಂಗಡಿಯ ಜೊತೆಗೆ ಹೋಟೆಲಿನ ಬಿರಿಯಾನಿಗೂ ತಡೆ ಬಿತ್ತು. ಪ್ರದರ್ಶನ ಮುಗಿದ ಕೆಲವೇ ದಿನಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ಕೋಳಿ ಕರುಳಿನ ಚೀಲ ರಾಜಕಾಲುವೆಗೆ ಬಿತ್ತು, ಹದ್ದುಗಳು ಮೇಲೆ ಸುತ್ತತೊಡಗಿದವು.

ಮಾಂಸದ ತ್ಯಾಜ್ಯಕ್ಕೆ ಬರುವ ಹದ್ದು ವಿಮಾನಕ್ಕೆ ಬಡಿದೀತೆಂಬ, ಈ ಆದೇಶದ ಹಿಂದಿರುವ ಆತಂಕ ಸರಿಯಾದದ್ದೇ. ಆದರೆ ಅದು ಹಿಡಿದಿರುವ ತುದಿ ತಪ್ಪು. ಬಿರಿಯಾನಿ ತಟ್ಟೆಗೆ ಯಾವ ಹದ್ದೂ ಎರಗುವುದಿಲ್ಲ. ಅಂಗಡಿಯೊಳಗೆ ತೂಗಿ ಮಾರಿದ ಮಾಂಸವೂ ಅದಕ್ಕೆ ಸಿಗುವುದಿಲ್ಲ. ಅದು ಬದುಕಿರುವುದು ಅಂಗಡಿಯಿಂದ ರಾತ್ರಿ ಹೊರಬೀಳುವ ಕರುಳು, ತಲೆ, ಚರ್ಮದ ಮೇಲೆ. ಆ ತ್ಯಾಜ್ಯಕ್ಕೆ ವರ್ಷವಿಡೀ ವ್ಯವಸ್ಥೆ ಇದ್ದರೆ ಮಾರಾಟವನ್ನು ಒಂದು ದಿನವೂ ನಿಲ್ಲಿಸಬೇಕಾಗಿಲ್ಲ. ವ್ಯವಸ್ಥೆ ಇಲ್ಲದಿದ್ದರೆ ಮೂರು ವಾರ ಅಂಗಡಿ ಮುಚ್ಚಿಸಿ ಸಿಗುವುದು ಅಲ್ಪವೇ. ಅನ್ನ ನಿಂತ ಹದ್ದು ಊರು ಬಿಟ್ಟು ಹೋಗುವುದಿಲ್ಲ. ಹುಡುಕಾಟದ ಹರವನ್ನು ಹೆಚ್ಚಿಸಿಕೊಂಡು ಇನ್ನಷ್ಟು ಹೊತ್ತು ಗಾಳಿಯಲ್ಲಿರುತ್ತದೆ ಎಂಬುದು ನಮ್ಮ ಅಂದಾಜು.

ಮೊದಲು ಈ 10, 13 ಕಿ.ಮೀ. ಲೆಕ್ಕ ಎಲ್ಲಿಂದ ಬಂತೆಂದು ನೋಡೋಣ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಹಾಗಾಗಿ ರನ್‌ವೇ ತುದಿಯಿಂದ 5 ಕಿ.ಮೀ. ದೂರದಲ್ಲಿ ಅದು ನೆಲದಿಂದ ಸುಮಾರು 260 ಮೀಟರ್ ಎತ್ತರದಲ್ಲಿರುತ್ತದೆ. 10 ಕಿ.ಮೀ. ದೂರದಲ್ಲಿ 525 ಮೀಟರ್, ಅಂದರೆ 1,700 ಅಡಿ. 13 ಕಿ.ಮೀ. ದೂರದಲ್ಲಿ 2,200 ಅಡಿಯ ಆಸುಪಾಸು. ಬಿಸಿಗಾಳಿಯ ಸುಳಿ ಹಿಡಿದು ಮೇಲೇರುವ ಹದ್ದು ಹಗಲೆಲ್ಲ ಸುತ್ತುವುದೂ ಇದೇ ಎತ್ತರಗಳಲ್ಲಿ. ಆದ್ದರಿಂದ ಕಸದ ಗುಡ್ಡೆ ನಿಲ್ದಾಣದ ಕಾಂಪೌಂಡಿನಿಂದ ಎಷ್ಟು ದೂರವಿದೆ ಎಂಬುದಷ್ಟೇ ಮುಖ್ಯವಲ್ಲ, ವಿಮಾನ ಇಳಿಯುವ ಗೆರೆಯ ಕೆಳಗಿದೆಯೇ ಎಂಬುದೂ ಮುಖ್ಯ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ಪೂರ್ವಕ್ಕೆ ಸೂಲಿಬೆಲೆ ಕಡೆಯ, ಪಶ್ಚಿಮಕ್ಕೆ ರಾಜಾನುಕುಂಟೆ ಕಡೆಯ ತ್ಯಾಜ್ಯದ ತಾಣಗಳು ಅಷ್ಟೇ ದೂರದ ಉತ್ತರ ದಕ್ಷಿಣದ ತಾಣಗಳಿಗಿಂತ ಹೆಚ್ಚು ಅಪಾಯಕಾರಿ. ಬಾಗಲೂರಿನಂಥ ಊರು ವಾಯುನೆಲೆ ಮತ್ತು ನಿಲ್ದಾಣ ಎರಡರ ವೃತ್ತದೊಳಗೂ ಬೀಳುತ್ತದೆ. ಅಲ್ಲಿ ರಸ್ತೆ ಬದಿ ಬಿದ್ದ ಒಂದು ಟ್ರಿಪ್ ತ್ಯಾಜ್ಯ ಎರಡು ಕಡೆಯ ಪೈಲಟ್‌ಗಳಿಗೂ ತಲೆನೋವು.

ಒಂದು ಹದ್ದು ಏನು ಮಾಡೀತು? ಹೆಚ್ಚಿನ ಸಲ ವಿಮಾನ ಬೀಳುವುದಿಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. 800 ಗ್ರಾಂ ತೂಗುವ ಹದ್ದಿಗೆ 140 ನಾಟ್ (ಗಂಟೆಗೆ ಸುಮಾರು 260 ಕಿ.ಮೀ.) ವೇಗದಲ್ಲಿ ಇಳಿಯುತ್ತಿರುವ ವಿಮಾನ ಬಡಿದರೆ ಸುಮಾರು 2,000 ಜೂಲ್ ಶಕ್ತಿ. 250 ನಾಟ್‌ನಲ್ಲಿ ಏರುತ್ತಿರುವಾಗ ಬಡಿದರೆ 6,600 ಜೂಲ್. ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟು. ಎಂಜಿನ್‌ಗೆ ಮಾನ್ಯತೆ ಕೊಡುವಾಗ ಹದ್ದಿನ ತೂಕದ ಹಲವು ಹಕ್ಕಿಗಳನ್ನು ಒಟ್ಟಿಗೆ ಒಳಗೆ ತೂರಿ ಪರೀಕ್ಷಿಸುತ್ತಾರೆ. ಆಮೇಲೂ ಎಂಜಿನ್ 20 ನಿಮಿಷ ಶೇ. 75ರಷ್ಟು ಬಲ ಕೊಡಬೇಕು. ಎರಡು ಕಿಲೋ ದಾಟಿದ ಒಂಟಿ ದೊಡ್ಡ ಹಕ್ಕಿಯ ವಿಷಯದಲ್ಲಾದರೆ ನಿರೀಕ್ಷೆ ಇಷ್ಟೇ: ಬೆಂಕಿ ಹತ್ತದೆ, ಚೂರು ಹೊರಸಿಡಿಯದೆ, ಎಂಜಿನ್ ಸುರಕ್ಷಿತವಾಗಿ ನಿಂತರೆ ಸಾಕು. ಇನ್ನೊಂದು ಎಂಜಿನ್ ಇದೆ ಎಂಬುದೇ ಆ ನಿಯಮದ ಧೈರ್ಯ. ಎರಡಕ್ಕೂ ಒಂದೇ ಗುಂಪಿನ ಹಕ್ಕಿಗಳು ನುಗ್ಗಿದಾಗ ಆ ಧೈರ್ಯ ಉಳಿಯುವುದಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಆದದ್ದು ಅದೇ. ಕೆನಡಾ ಹೆಬ್ಬಾತುಗಳು ಎರಡೂ ಎಂಜಿನ್ ಸೇರಿ, ವಿಮಾನ ಹಡ್ಸನ್ ನದಿಗೆ ಇಳಿಯಿತು. 155 ಮಂದಿಯೂ ಬದುಕಿದರು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುಆನ್‌ನಲ್ಲಿ ಹಾಗಾಗಲಿಲ್ಲ. ಹಕ್ಕಿ ಡಿಕ್ಕಿಯ ನಂತರ ಚಕ್ರ ಬಿಚ್ಚದೆ ಇಳಿದ ಬೋಯಿಂಗ್ 737 ರನ್‌ವೇ ಆಚೆಯ ಕಾಂಕ್ರೀಟ್ ದಿಬ್ಬಕ್ಕೆ ಬಡಿದು 179 ಮಂದಿ ಸತ್ತರು. ಎರಡೂ ಎಂಜಿನ್‌ಗಳಲ್ಲಿ ಸಿಕ್ಕಿದ್ದು ಬೈಕಲ್ ಟೀಲ್ ಎಂಬ, ಅರ್ಧ ಕಿಲೋದಷ್ಟೂ ಇಲ್ಲದ ಬಾತುಕೋಳಿಯ ಅವಶೇಷ.

ಕಾನೂನಿಗೆ ಕೊರತೆಯಿಲ್ಲ. 1937ರ ವಿಮಾನ ನಿಯಮಗಳ 91ನೇ ನಿಯಮ ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿವಧೆ, ಚರ್ಮ ಸುಲಿಯುವುದು ಮತ್ತು ಹಕ್ಕಿ, ಪ್ರಾಣಿಗಳನ್ನು ಸೆಳೆಯುವಂಥ ಕಸ ಸುರಿಯುವುದನ್ನು ತಡೆಯುತ್ತದೆ. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಲ್ಲೂ ಇದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. 2016ರ ಘನತ್ಯಾಜ್ಯ ನಿಯಮಗಳು ಭೂಭರ್ತಿ ತಾಣ, ಅಂದರೆ ಕಸ ಹೂಳುವ ಜಾಗ, ನಿಲ್ದಾಣದಿಂದ 20 ಕಿ.ಮೀ. ದೂರವಿರಬೇಕೆಂದವು. 10ರಿಂದ 20 ಕಿ.ಮೀ. ನಡುವೆ ಮಾಡಲೇಬೇಕಾದರೆ ವಿಮಾನಯಾನ ಅಥವಾ ವಾಯುಪಡೆಯ ಒಪ್ಪಿಗೆ ಬೇಕೆಂದವು. ಯಲಹಂಕಕ್ಕೆ ಹತ್ತಿರದ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ನಗರದ ಕಸ ಸುರಿದು, ಹಳ್ಳಿಯವರು ಬೀದಿಗಿಳಿದ ಮೇಲೆ 2012ರಲ್ಲಿ ನಿಲ್ಲಿಸಿದ ಕಥೆ ನಿಮಗೆ ಗೊತ್ತೇ ಇದೆ. ಒಂದು ಕೋಟಿ ದಂಡದ ಸೆಕ್ಷನ್ ತೋರಿಸಿ ದಿನಕ್ಕೆ ಐವತ್ತು ಕೋಳಿ ಮಾರುವವನನ್ನು ಹೆದರಿಸಬಹುದು. ಆದರೆ ಅವನ ತ್ಯಾಜ್ಯ ಎಲ್ಲಿಗೆ ಹೋಗಬೇಕೆಂದು ಹೇಳದೆ ಹೆದರಿಸಿದರೆ ಅವನು ಅದನ್ನು ಇನ್ನೂ ಕತ್ತಲಲ್ಲಿ ಎಸೆಯುತ್ತಾನೆ, ಅಷ್ಟೇ.

ಹಾಗಾಗಿ ಲೆಕ್ಕ ಅಂಗಡಿಯಿಂದಲೇ ಶುರುವಾಗಲಿ. ಎರಡು ಕಿಲೋ ತೂಗುವ ಜೀವಂತ ಕೋಳಿಯಿಂದ ಗಿರಾಕಿಯ ಕೈಗೆ ಹೋಗುವುದು ಹೆಚ್ಚೆಂದರೆ 1.4 ಕಿಲೋ. ನಮ್ಮ ಕಡೆ ಹೆಚ್ಚಿನವರು ಕೇಳುವ ಸ್ಕಿನ್‌ಲೆಸ್ ಆದರೆ ಅದಕ್ಕಿಂತ ಕಡಿಮೆ. ಉಳಿದದ್ದು ರಕ್ತ, ಪುಕ್ಕ, ಚರ್ಮ, ಕರುಳು, ತಲೆ, ಕಾಲು. ದಿನಕ್ಕೆ 60 ಕೋಳಿ ಕಡಿಯುವ ಅಂಗಡಿಯಿಂದ ಸುಮಾರು 40 ಕಿಲೋ. ಒಂದು ಹದ್ದಿನ ದಿನದ ಊಟ ನೂರು ಚಿಲ್ಲರೆ ಗ್ರಾಂ. ಅಂದರೆ ಒಂದೇ ಅಂಗಡಿಯ ತ್ಯಾಜ್ಯ ಬಯಲಿಗೆ ಬಿದ್ದರೆ ಸುಮಾರು 300 ಹದ್ದುಗಳಿಗೆ ಅನ್ನವಿಟ್ಟಂತೆ. ಇಂಥ ನೂರು ಅಂಗಡಿ ಇರುವ ವಲಯದಲ್ಲಿ ದಿನಕ್ಕೆ ನಾಲ್ಕು ಟನ್.

ಈ ನಾಲ್ಕು ಟನ್ ಈಗ ಹೋಗುವ ದಾರಿ ಹೀಗಿದೆ. ಹಸಿ ಕಸದ ಆಟೋದವರು ಮಾಂಸದ ತ್ಯಾಜ್ಯ ಮುಟ್ಟುವುದಿಲ್ಲ. ಮುಟ್ಟಲೂಬಾರದು, ಅದು ಕಾಂಪೋಸ್ಟ್ ಘಟಕಕ್ಕೆ ಹೋದರೆ ಹದ್ದು, ನಾಯಿಗಳು ಅಲ್ಲಿಗೇ ಹೋಗುತ್ತವೆ. ಹಾಗಾಗಿ ಅಂಗಡಿಯವರು ಖಾಸಗಿ ಟೆಂಪೋಗೆ ಕೊಡುತ್ತಾರೆ. ಆ ಟೆಂಪೋಗೆ ತೂಕದ ಚೀಟಿ ಇಲ್ಲ, ತಲುಪಿದ ರಸೀದಿ ಇಲ್ಲ. ಒಂದಷ್ಟು ತ್ಯಾಜ್ಯ ನಗರದಂಚಿನ ಆಫ್ರಿಕನ್ ಕ್ಯಾಟ್‌ಫಿಷ್ ಹೊಂಡಗಳಿಗೆ ಮೇವಾಗಿ ಹೋಗುತ್ತದೆ. ಆ ಮೀನಿನ ಸಾಕಣೆ ದೇಶದಲ್ಲಿ 2000ದಿಂದಲೇ ನಿಷಿದ್ಧ. ಹೊಂಡಕ್ಕೆ ಕರುಳು ಸುರಿದಾಗ ಒಂದಷ್ಟು ತೇಲುತ್ತದೆ, ಒಂದಷ್ಟು ದಡದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೆ ಅಂಥ ಹೊಂಡದ ಮೇಲೆ ಹದ್ದಿನ ಕಂಬವೇ ಎದ್ದಿರುತ್ತದೆ. ತಲೆ ಎತ್ತಿ ಹದ್ದುಗಳನ್ನು ಹಿಂಬಾಲಿಸಿದರೆ ಅಕ್ರಮ ಹೊಂಡ ಸಿಗುತ್ತದೆ, ಇದಕ್ಕಿಂತ ಅಗ್ಗದ ತಪಾಸಣೆ ಬೇರೆ ಇಲ್ಲ. ಗುರುತಿಸಿದ ಹೊಂಡವನ್ನು ಮೀನುಗಾರಿಕೆ ಇಲಾಖೆಯ ಸಮ್ಮುಖದಲ್ಲೇ ಖಾಲಿ ಮಾಡಿಸಬೇಕು. ಸುಮ್ಮನೆ ಒಡೆದು ಕೆರೆಗೆ ಹರಿಸಿದರೆ ಆ ಮೀನು ಕೆರೆಯನ್ನೂ ಕೆಡಿಸುತ್ತದೆ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ, ತಪ್ಪದೆ ಮಾಡಬೇಕಾದ ಕೆಲಸ. ಪ್ರತಿ ಅಂಗಡಿಗೂ ಬಿಗಿ ಮುಚ್ಚಳದ 120 ಲೀಟರ್ ಡ್ರಮ್ ಇರಬೇಕು, ಟಾರ್ಪಾಲು ಹೊದಿಸಿದ ಬಕೆಟ್ ನಡೆಯದು. ವಾರಾಂತ್ಯದಲ್ಲಿ ವ್ಯಾಪಾರ ಹೆಚ್ಚಿರುವ ಅಂಗಡಿಗೆ ಒಂದು ಹಳೆಯ ಡೀಪ್ ಫ್ರೀಜರ್ ಕಡ್ಡಾಯ ಮಾಡಿ. ಗಾಡಿ ಒಂದು ದಿನ ತಪ್ಪಿದರೂ ತ್ಯಾಜ್ಯ ಬೀದಿಗೆ ಬರುವುದಿಲ್ಲ. ಸಂಗ್ರಹ ಅಂಗಡಿ ಮುಚ್ಚಿದ ಮೇಲೆ ಶುರುವಾಗಿ ಬೆಳಕು ಹರಿಯುವ ಮುಂಚೆ ಮುಗಿಯಬೇಕು. ಹದ್ದು ಬೆಳಗಿನ ಹೊತ್ತು ಮರದಲ್ಲಿ, ಟವರಿನಲ್ಲಿ ಕೂತೇ ಇರುತ್ತದೆ. ನೆಲ ಕಾದು ಬಿಸಿಗಾಳಿ ಏಳುವಷ್ಟರಲ್ಲಿ ಕೆಳಗೆ ಏನೂ ಉಳಿದಿರಬಾರದು. ಗಾಡಿಯ ತೊಟ್ಟಿಗೆ ಮೇಲೆ ಮುಚ್ಚಳ, ಕೆಳಗೆ ರಕ್ತ ಸೋರದಂತೆ ತಳ ಇರಬೇಕು. ಸೋರಿದ ರಕ್ತ ರಸ್ತೆಯುದ್ದಕ್ಕೂ ನಾಯಿಗಳಿಗೆ ದಾರಿ ತೋರುತ್ತದೆ.

ಕೊನೆಗೆ ಇದು ಮಾಂಸದ ತ್ಯಾಜ್ಯವನ್ನು ಬೇಯಿಸಿ ಒಣಗಿಸುವ ರೆಂಡರಿಂಗ್ ಘಟಕಕ್ಕೆ ಹೋಗಬೇಕು. 50 ಮಿ.ಮೀ.ಗಿಂತ ಸಣ್ಣಗೆ ಅರೆದು, 3 ಬಾರ್ ಉಗಿ ಒತ್ತಡದಲ್ಲಿ, 133 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸುವುದು ಐರೋಪ್ಯ ಒಕ್ಕೂಟದ ನಿಯಮ. ಹಾಗೆ ಬೇಯಿಸಿ ಒಣಗಿಸಿದರೆ ಕಾಲು ಭಾಗದಷ್ಟು ಪುಡಿ, ಒಂದಷ್ಟು ಕೊಬ್ಬು ಸಿಗುತ್ತದೆ. ಪುಡಿ ಸಾಕುಪ್ರಾಣಿಗಳ, ಮೀನಿನ ಆಹಾರಕ್ಕೆ ಮಾರಾಟವಾಗುತ್ತದೆ. ಕೇರಳ ಕೋಳಿ ತ್ಯಾಜ್ಯಕ್ಕೆ ಇದೇ ದಾರಿ ಹಿಡಿದಿದೆ. ಘಟಕ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ವಾಸನೆಗೆ ಊರವರು ಎದುರು ನಿಲ್ಲುತ್ತಾರೆ. ವಾಸನೆ ತಡೆಯುವ ಕಂಡೆನ್ಸರ್, ಬಯೋಫಿಲ್ಟರ್ ಟೆಂಡರಿನಲ್ಲೇ ಇರದಿದ್ದರೆ ಅವರ ಕೋಪ ನ್ಯಾಯವೇ. ಇನ್ನೊಂದು, ಬಾಯ್ಲರ್ ಕೆಟ್ಟ ದಿನ ಲಾರಿಗಳು ಅಂಗಳದಲ್ಲಿ ತೆರೆದು ನಿಲ್ಲುತ್ತವೆ. ಹಾಗಾದರೆ ನಾವು ಹದ್ದುಗಳನ್ನು ನೂರು ಕಡೆಯಿಂದ ಒಂದು ಕಡೆಗೆ ಕರೆದಂತಾಯಿತು. ಇಳಿಸುವ ಜಾಗ ಶೆಡ್ಡಿನೊಳಗೇ ಇರಲಿ, ಎರಡು ದಿನದ ತ್ಯಾಜ್ಯಕ್ಕೆ ಶೀತಲ ಕೋಣೆ ಇರಲಿ, ಘಟಕ ವಿಮಾನ ಇಳಿಯುವ ಗೆರೆಯಿಂದ ಆಚೆಗಿರಲಿ.

ತ್ಯಾಜ್ಯದ ಕಳ್ಳದಾರಿಯನ್ನು ಪತ್ತೆಹಚ್ಚಲು ತೂಕದ ಚೀಟಿ ಸಾಕು. ಅಂಗಡಿಯಲ್ಲಿ ತೂಗಿ ಒಂದು ಪ್ರತಿ, ಘಟಕದ ವೇಬ್ರಿಡ್ಜ್‌ನಲ್ಲಿ ಇನ್ನೊಂದು. ತಿಂಗಳ ಕೊನೆಗೆ ಅಂಗಡಿಯ ಜೀವಂತ ಕೋಳಿ ಖರೀದಿ ಬಿಲ್ಲಿನ ಮೂರನೇ ಒಂದು ಭಾಗಕ್ಕೂ ಘಟಕದ ತೂಕಕ್ಕೂ ತಾಳೆ ಹಾಕಿ. ಎಷ್ಟು ಕಡಿಮೆ ಬಂತೋ ಅಷ್ಟು ಎಲ್ಲೋ ಬಿದ್ದಿದೆ. ಲೈಸೆನ್ಸ್ ನವೀಕರಣಕ್ಕೆ ಈ ತಾಳೆಪಟ್ಟಿಯನ್ನೇ ಷರತ್ತು ಮಾಡಿ.

ಅಂಗಡಿಯಾಚೆಗೂ ಲೆಕ್ಕವಿದೆ. ಯುಗಾದಿ ಮರುದಿನದ ಹೊಸತೊಡಕು ಬಂತೆಂದರೆ ಇಡೀ ಸೀಮೆಯಲ್ಲಿ ಗುಡ್ಡೆ ಮಾಂಸ. ತೋಪಿನಲ್ಲಿ, ತೋಟದಲ್ಲಿ ಕುರಿ ಕಡಿದು ಪಾಲು ಹಾಕಿಕೊಂಡು ಹೋದ ಮೇಲೆ ಉಳಿದದ್ದು ಅಲ್ಲೇ ಬಿದ್ದಿರುತ್ತದೆ. ಮಾರಮ್ಮನ ಜಾತ್ರೆ, ಬಕ್ರೀದ್, ಮಹಾಲಯ ಅಮಾವಾಸ್ಯೆ, ಎಲ್ಲದಕ್ಕೂ ಕ್ಯಾಲೆಂಡರಿನಲ್ಲಿ ದಿನ ಇದೆ. ದಿನ ಗೊತ್ತಿರುವುದರಿಂದ ಗಾಡಿ ಕಳುಹಿಸುವುದಕ್ಕೆ ನೆಪವಿಲ್ಲ. ಪಂಚಾಯಿತಿಯು ಹಿಂದಿನ ದಿನ ಡ್ರಮ್ ಇಟ್ಟು, ಮಧ್ಯಾಹ್ನಕ್ಕೊಮ್ಮೆ ಸಂಜೆಗೊಮ್ಮೆ ಎತ್ತಿಸಲಿ. ಹಬ್ಬಕ್ಕೆ ಕೈ ಹಾಕುವ ಅಗತ್ಯವೇ ಬೀಳುವುದಿಲ್ಲ. ಸತ್ತ ದನ, ಕೋಳಿ ಫಾರಂನಲ್ಲಿ ಸತ್ತ ಕೋಳಿಗೂ ಇದೇ ಗಾಡಿಯ ಫೋನ್ ನಂಬರು ಗೋಡೆ ಮೇಲೆ ಬರೆಸಿರಬೇಕು.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: ಎಲ್ಲ ತಪ್ಪೂ ನಮ್ಮದೇ, ನಿಲ್ದಾಣದ್ದೇನೂ ಇಲ್ಲವೇ? ಖಂಡಿತ ಇದೆ. ಎಷ್ಟಿದೆ ಎಂದು ತಿಳಿಯಲು ಜಗಳ ಬೇಡ, ಸತ್ತ ಹದ್ದೇ ಹೇಳುತ್ತದೆ. ರನ್‌ವೇ ಮೇಲೆ ಸಿಕ್ಕ ಇಡೀ ಹಕ್ಕಿಯನ್ನು ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಪಶುವೈದ್ಯರಿಂದ ಸೀಳಿಸಿ, ಗಂಟಲಚೀಲ ಮತ್ತು ಹೊಟ್ಟೆಯಲ್ಲಿ ಏನಿದೆ ನೋಡಿ ಬರೆದಿಡಬೇಕು. ಬಿಳಿ ಪುಕ್ಕದ ಚೂರು, ಕೋಳಿ ಕರುಳು, ಪ್ಲಾಸ್ಟಿಕ್ ಎಳೆ ಸಿಕ್ಕರೆ ಅದು ಹೊರಗಿನ ಅನ್ನ, ಸ್ಥಳೀಯ ಸಂಸ್ಥೆಯ ಪಾಲು. ಮಿಡತೆಯ ಕಾಲು, ರೆಕ್ಕೆಗೆದ್ದಲು, ಇಲಿಯ ಕೂದಲು ಸಿಕ್ಕರೆ ಬಹುತೇಕ ಕಾಂಪೌಂಡಿನ ಒಳಗಿನ ಊಟ, ನಿಲ್ದಾಣದ ಪಾಲು. ವರ್ಷದ ಕೊನೆಗೆ ಹೀಗೆ ಸೀಳಿದ ಹಕ್ಕಿಗಳ ಒಂದು ಪಟ್ಟಿ ಸಮಿತಿಯ ಮುಂದಿದ್ದರೆ ಯಾರ ಮೇಲೆ ಎಷ್ಟು ಖರ್ಚು ಹಾಕಬೇಕೆಂಬ ವಾದ ಅಲ್ಲಿಗೇ ತೀರುತ್ತದೆ. ಹಕ್ಕಿ ಚಿಂದಿಯಾಗಿ ಎಂಜಿನ್ನಿನಲ್ಲಿ ಬರೀ ಕಲೆ ಉಳಿದಿದ್ದರೆ ಶೇ. 70ರ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಡಿಎನ್ಎ ಪರೀಕ್ಷೆಗೆ ಕಳುಹಿಸಬೇಕು. ಬ್ಲೀಚ್ ತಾಗಿದರೆ ಮಾದರಿ ಹಾಳು. ಗರಿಯನ್ನು ಇಡಿಯಾಗಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಬೆವತು ಕೊಳೆಯುತ್ತದೆ, ಟೇಪು ಅಂಟಿಸಿದರೆ ಗರಿಯ ಎಳೆ ಕಿತ್ತುಬರುತ್ತದೆ. ಹಕ್ಕಿ ಯಾವುದೆಂದು ತಿಳಿಯದೆ ಮಾಡುವ ಉಪಾಯವೆಲ್ಲ ಕತ್ತಲಲ್ಲಿ ಕಲ್ಲೆಸೆದ ಹಾಗೆ. ಗೂಬೆ ರಾತ್ರಿ ಇಲಿಗಾಗಿ ಬರುತ್ತದೆ, ಟಿಟ್ಟಿಭ ಜಲ್ಲಿ ನೆಲದಲ್ಲಿ ಮೊಟ್ಟೆಯಿಡಲು ಬರುತ್ತದೆ, ಪಾರಿವಾಳ ಹ್ಯಾಂಗರಿನ ತೊಲೆಗೆ ಬರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ನಿಲ್ದಾಣದ ಪಾಲಿನಲ್ಲಿ ದೊಡ್ಡದು ಹುಲ್ಲು. ಹಗಲಲ್ಲಿ ಹುಲ್ಲು ಕೊಯ್ದರೆ ಯಂತ್ರದ ಹಿಂದೆಯೇ ಬೆಳ್ಳಕ್ಕಿ, ಹದ್ದು ಸಾಲುಗಟ್ಟುತ್ತವೆ, ಎದ್ದ ಮಿಡತೆ ಕಪ್ಪೆಗಳಿಗಾಗಿ. ಹಾರಾಟ ಕಡಿಮೆಯಿರುವ ರಾತ್ರಿ ಕೊಯ್ದು, ಕೊಯ್ದದ್ದನ್ನು ಬೆಳಗಾಗುವ ಮೊದಲೇ ಸಾಗಿಸಬೇಕು. ಎತ್ತರ ಎಷ್ಟಿರಬೇಕೆಂಬುದಕ್ಕೆ ಬ್ರಿಟನ್ನಿನ 15ರಿಂದ 20 ಸೆಂ.ಮೀ. ಸೂತ್ರವನ್ನು ಕಣ್ಣುಮುಚ್ಚಿ ತರಬಾರದು. ಅದು ನೆಲದ ಮೇಲೆ ಗುಂಪಾಗಿ ಮೇಯುವ ಅಲ್ಲಿನ ಹಕ್ಕಿಗಳಿಗೆ ಹೊಂದಿದ ಲೆಕ್ಕ. ನಮ್ಮಲ್ಲಿ ಎತ್ತರದ ಹುಲ್ಲು ಇಲಿ, ಮೊಲ, ಗೌಜಲಕ್ಕಿಗೆ ಮನೆಯಾಗುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಗೆದ್ದಲು ಏಳುತ್ತದೆ. ಅರ್ಧ ಗಂಟೆಯೊಳಗೆ ಕವಲುತೋಕೆ, ಮೈನಾ, ಹದ್ದು ಎಲ್ಲ ಹಾಜರ್. ಹುತ್ತಗಳನ್ನು ಬೇಸಿಗೆಯಲ್ಲೇ ಗುರುತಿಸಿ ಮುಗಿಸಿರಬೇಕು. ಮಳೆ ಬಂದ ಮೇಲೆ ಮಾಡಲು ಉಳಿಯುವುದು ಪೈಲಟ್‌ಗಳಿಗೆ ಎಚ್ಚರಿಕೆ ಕೊಡುವುದೊಂದೇ. ನಿಂತ ನೀರು 48 ಗಂಟೆಯೊಳಗೆ ಬಸಿಯಬೇಕು, ಮೋರಿಗಳಿಗೆ ನಾಯಿ ನರಿ ನುಸುಳದ ಸರಳು ಬೇಕು.

ಇನ್ನು ಹಕ್ಕಿ ಓಡಿಸುವ ಗ್ಯಾಸ್ ಗನ್, ಸಿಡಿಮದ್ದು, ಲೇಸರ್, ಹಕ್ಕಿ ಚೀರುವ ಧ್ವನಿಮುದ್ರಿಕೆ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಹೊಡೆಯುವ ಗ್ಯಾಸ್ ಗನ್ ಮೇಲೆ ಹದ್ದು ಬಂದು ಕೂರುತ್ತದೆ. ಉಪಕರಣ ಬದಲಿಸುತ್ತಿರಬೇಕು, ಅದರ ಹಿಂದೆ ಹಕ್ಕಿಯ ಚಲನೆ ಓದಬಲ್ಲ ಮನುಷ್ಯ ಇರಬೇಕು. 2022ರ ಆಗಸ್ಟ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಹೊರಡಿಸಿದ ಮಾರ್ಗಸೂಚಿ ಜಾತಿವಾರು ಅಪಾಯದ ಪಟ್ಟಿ, ಗಸ್ತು, ತಿಂಗಳ ವರದಿ ಕೇಳುತ್ತದೆ. ಆ ವರದಿಯಲ್ಲಿ ಡಿಕ್ಕಿಯ ಸಂಖ್ಯೆ ಏರಿತೆಂದು ಸಿಬ್ಬಂದಿಯನ್ನು ಗದರಿಸುವ ಅಭ್ಯಾಸ ಬಿಡಬೇಕು. ಗದರಿಸಿದರೆ ಸಂಖ್ಯೆ ಇಳಿಯುತ್ತದೆ, ಹಕ್ಕಿ ಇಳಿಯುವುದಿಲ್ಲ.

ಕೆರೆಗಳ ವಿಷಯದಲ್ಲಿ ಒಂದು ಮಾತು. ಹೆಬ್ಬಾಳ ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ನೀರಿನಿಂದ ಈ ಬಯಲುಸೀಮೆಯ ಕೆರೆಗಳು ತುಂಬುತ್ತಿವೆ. ನೀರಿನ ಜೊತೆ ಮೀನು, ಮೀನಿನ ಜೊತೆ ಹೆಜ್ಜಾರ್ಲೆ. ಅದು ನಾಲ್ಕರಿಂದ ಆರು ಕಿಲೋ ತೂಗುವ ಹಕ್ಕಿ, ಮೇಲೆ ಹೇಳಿದ ಯಾವ ಎಂಜಿನ್ ಪರೀಕ್ಷೆಯ ಮಿತಿಗೂ ಸಿಗುವುದಿಲ್ಲ. ಇದರರ್ಥ ಕೆರೆ ಒಣಗಿಸಿ ಎಂದಲ್ಲ, ಹಾಗೆ ಕೇಳುವವರ ಜೊತೆ ನಾವಿಲ್ಲ. ಇಳಿಯುವ ಗೆರೆಯ ಕೆಳಗಿನ ಕೆರೆಗಳನ್ನು ಅಭಿವೃದ್ಧಿಪಡಿಸುವಾಗ ನಡುಗಡ್ಡೆ ಕಟ್ಟಬೇಡಿ, ಅದು ಗೂಡಿನ ಕಾಲೊನಿಗೆ ಆಹ್ವಾನ. ಅಲ್ಲಿ ಮೀನುಮರಿ ಬಿಡುವ ಟೆಂಡರ್ ಕರೆಯುವ ಮುನ್ನ ನಿಲ್ದಾಣದವರ ಅಭಿಪ್ರಾಯ ಪಡೆಯಿರಿ. ರಸ್ತೆ ಬದಿಗೆ ಆಲ, ಅತ್ತಿ, ಗೋಣಿ ನೆಡುವ ಮುಂಚೆಯೂ ಕೇಳಿ. ಹಣ್ಣು ಬಿಟ್ಟ ಕಾಲಕ್ಕೆ ಮುಸ್ಸಂಜೆ ಬಾವಲಿಗಳ ದಂಡು ಅತ್ತ ಹೊರಡುತ್ತದೆ.

ಇದು ಬೆಂಗಳೂರಿಗೆ ಮಾತ್ರ ಬರೆದದ್ದಲ್ಲ. ಮಂಗಳೂರಿನ ಪಚ್ಚನಾಡಿ ಕಸದ ಗುಡ್ಡ ಬಜ್ಪೆ ನಿಲ್ದಾಣದ 10 ಕಿ.ಮೀ. ಒಳಗೇ ಇದೆ. 2019ರ ಆಗಸ್ಟ್‌ನಲ್ಲಿ ಅದು ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿದಾಗ ರಾಜ್ಯವೆಲ್ಲ ನೋಡಿತು, ಆದರೆ ಮೇಲೆ ಸುತ್ತುವ ಹದ್ದಿನ ಲೆಕ್ಕ ಆ ಚರ್ಚೆಯಲ್ಲಿ ಅಷ್ಟಾಗಿ ಬರಲಿಲ್ಲ. 2023ರಲ್ಲಿ ತೆರೆದ ಶಿವಮೊಗ್ಗದ ಸೋಗಾನೆಯಂಥ ಹೊಸ ನಿಲ್ದಾಣಗಳ ಸುತ್ತ ಊರು ಇನ್ನೂ ಬೆಳೆಯಬೇಕಿದೆ. ಅಲ್ಲಿ ಈಗಲೇ ನಕ್ಷೆ ಹಾಕಿದರೆ ಮುಂದೆ ಯಾವ ಅಂಗಡಿಯನ್ನೂ ಎಬ್ಬಿಸಬೇಕಾಗಿಲ್ಲ.

ನಿಮ್ಮಿಂದ ನಾವು ಕೇಳುವುದು ಇಷ್ಟು. ಸಮಿತಿಯ ಮುಂದಿನ ಸಭೆಗೆ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯ ಮಾಂಸದಂಗಡಿ, ಕೋಳಿ ಫಾರಂ, ಕ್ಯಾಟ್‌ಫಿಷ್ ಹೊಂಡ, ಕಸ ಬೀಳುವ ಜಾಗಗಳನ್ನು ಗುರುತಿಸಿದ ನಕ್ಷೆ ತರಲಿ. ಅದರ ಮೇಲೆ ನಿಲ್ದಾಣದವರು ಎಲ್ಲ ರನ್‌ವೇಗಳ ಇಳಿಯುವ ಗೆರೆಗಳನ್ನು ಎಳೆಯಲಿ. ಗೆರೆಯ ಎರಡೂ ಬದಿ ಎರಡೆರಡು ಕಿ.ಮೀ. ಒಳಗೆ ಬಿದ್ದ ಅಂಗಡಿಗಳಿಗೆ ಮೊದಲ ಮೂರು ತಿಂಗಳಲ್ಲಿ ಡ್ರಮ್, ಗಾಡಿ, ತೂಕದ ಚೀಟಿ ಬರಲಿ, ಉಳಿದವಕ್ಕೆ ಆಮೇಲೆ. ನಿಲ್ದಾಣದವರು ಡಿಕ್ಕಿಯಾದ ಹಕ್ಕಿಗಳ ಪಟ್ಟಿಯನ್ನು, ಹೊಟ್ಟೆಯಲ್ಲಿ ಸಿಕ್ಕಿದ್ದರ ವಿವರದೊಂದಿಗೆ, ಮೂರು ತಿಂಗಳಿಗೊಮ್ಮೆ ನಿಮಗೆ ಕೊಡಲಿ. ಏರೋ ಇಂಡಿಯಾಕ್ಕೆ ಮುನ್ನ ಮಾಂಸ ಮಾರಾಟ ನಿಷೇಧದ ಕಡತ ಮತ್ತೆ ಮೇಜಿಗೆ ಬಂದಾಗ, ಸಹಿ ಹಾಕುವ ಅಧಿಕಾರಿ ಹಿಂದಿನ ತಿಂಗಳ ತಾಳೆಪಟ್ಟಿಯನ್ನು ಆ ಕಡತಕ್ಕೆ ಲಗತ್ತಿಸಲು ಹೇಳಲಿ. ಅದರಲ್ಲಿ ಶೇ. 90ಕ್ಕೂ ಹೆಚ್ಚು ತ್ಯಾಜ್ಯ ಘಟಕ ತಲುಪಿದ್ದರೆ ಅಂಗಡಿಗಳನ್ನು ತೆರೆದೇ ಇಡಿ.

ಇಂತಿ,
ವಿಮಾನ ನಿಲ್ದಾಣಗಳ ವನ್ಯಜೀವಿ ಅಪಾಯ ನಿರ್ವಹಣೆಯಲ್ಲಿ ತೊಡಗಿರುವವರು